ಗಾಡಿ ಮನಿ ಬಂತು, ಅದರ ಹೊಲಸು ಎಲ್ಲಿ ಚೆಲ್ಲೂದು?



ಹೋದ ವರ್ಷ ದೀಪಾವಳಿ ಆದ ಮ್ಯಾಲೆ ಇಲ್ಲೇ ಒಂದು ಸಿಟ್ಟಿನ ಬರಹ ಬರೆದಿದ್ದೆ, ನೆನಪಿರಬೇಕು. ಗಜೇಂದ್ರಗಡದ ಗುಡ್ಡ, ಗಾಳಿ ಫ್ಯಾನು ನೋಡಾಕ ಬಂದ ಯಾವುದೋ ಗಾಡಿ ರಾತ್ರಿ ನಮ್ಮ ಹೊಲದ ಬಾಜೂಕ ನಿಂತು, ಬೆಳಗಾಗೂದ್ರಾಗ ಹಳ್ಳಕ್ಕ ನೀಲಿ ಬಣ್ಣದ ನಾರೂ ನೀರು ಚೆಲ್ಲಿ ಹೋಗಿತ್ತು. "ಇಂಥ ಗಾಡಿ ನಮ್ಮ ಗುಡ್ಡದ ರಸ್ತೆಕ್ಕ ಬಿಡಬಾರದು" ಅಂತ ಬರೆದೆ. ನೀವೂ ಬಾಳ ಮಂದಿ ಹೌದೌದು ಅಂದ್ರಿ. ಇವತ್ತು ಆ ಮಾತಿನಾಗ ಅರ್ಧ ಹಿಂದಕ್ಕ ತಗೊಳ್ಳಾಕತ್ತೀನಿ. ಇನ್ನರ್ಧ ಮೊದಲಿಗಿಂತ ಗಟ್ಟಿ ಮಾಡಾಕತ್ತೀನಿ. ಯಾಕಂದ್ರ ಅಂಥದ್ದೇ ಗಾಡಿಯೊಳಗ ನಾನೂ ಎರಡು ದಿನ ಅಡ್ಡಾಡಿ ಬಂದೆ.

ಹೆಸರಿನ ರಾಶಿ ಮುಗಿದಿತ್ತು. ಮಳಿ ಬಿದ್ದು ಹೊಲ ಇನ್ನೂ ಹದಕ್ಕ ಬಂದಿರಲಿಲ್ಲ, ಹಿಂಗಾರಿ ಬಿತ್ತಾಕ ಟೈಮ್ ಇತ್ತು. ಬೆಂಗಳೂರಾಗ ನೌಕರಿ ಮಾಡೋ ನಮ್ಮ ಅಣ್ಣನ ಮಗ ಶುಕ್ರವಾರ ರಾತ್ರಿ ಹೆಂಡತಿ ಮಕ್ಕಳನ್ನ ಕರಕೊಂಡು ಊರಿಗೆ ಬಂದ. ಬಂದದ್ದು ಬಾಡಿಗಿ ಮೋಟರ್‌ಹೋಮಿನಾಗ. ನೋಡಾಕ ಟೆಂಪೋ ಟ್ರಾವೆಲರ್ ಇದ್ದಂಗ. ಒಳಗ ಮಲಗಾಕ ಮಂಚ, ಗ್ಯಾಸ್ ಒಲಿ, ಸಣ್ಣ ಫ್ರಿಜ್, ಕೈ ತೊಳಿಯೋ ನಳ, ಮೂಲ್ಯಾಗ ಒಂದು ಪಾಯಖಾನಿ. ಹುಡುಗರು ಅದಕ್ಕ ಗಾಡಿ ಮನಿ ಅಂತ ಹೆಸರಿಟ್ಟಿದ್ವು. "ಎರಡು ದಿನದ ಬಾಡಿಗಿ ಎಷ್ಟಪಾ?" ಅಂದೆ. ಲೆಕ್ಕ ಹಾಕಿದ್ರ ಮೂರು ಕ್ವಿಂಟಲ್ ಹೆಸರಿನ ರೊಕ್ಕ! ಅದೂ 2025-26ಕ್ಕ ಸರಕಾರ ಕಟ್ಟಿದ್ದ 8,768 ರೂಪಾಯಿ ಬೆಂಬಲ ಬೆಲೆ ಹಿಡಿದು. ನಮಗೆ ಪ್ಯಾಟ್ಯಾಗ ಸಿಕ್ಕ ರೇಟು ಹಿಡಿದ್ರ ನಾಲ್ಕರ ಹತ್ರ ಹೋಗತೈತಿ. ಬಾಯಿಗೆ ಬಂದ ಬೈಗುಳ ನುಂಗಿದೆ.

ಅವನು ನೇರ ನಮ್ಮ ಅವ್ವನ ಹತ್ರ ಹೋಗಿ, "ಆಯಿ, ಯಲ್ಲಮ್ಮನ ಗುಡ್ಡಕ್ಕ ಹೋಗೂಣೇನ?" ಅಂದ.

ಅವ್ವಗ ಎಂಬತ್ತು ದಾಟ್ಯಾವ. ಮೊಣಕಾಲು ಮಡಚಂಗಿಲ್ಲ. ಎಂಟು ವರ್ಷ ಆತು, ಮದುವಿ ಇರಲಿ, ಜಾತ್ರಿ ಇರಲಿ, ಎಲ್ಲಿಗೆ ಕರೆದ್ರೂ "ನಾ ಒಲ್ಲೆ" ಅನ್ನಾಕಿ. ವಯಸ್ಸಾತು, ಮನಸ್ಸಿಲ್ಲ ಅಂತ ನಾವು ತಿಳಕೊಂಡಿದ್ವಿ. ಗಾಡಿಯೊಳಗಿನ ಪಾಯಖಾನಿ ತೋರಿಸಿದ ಕೂಡಲೇ ಆಕಿ ಕೇಳಿದ್ದು ಒಂದೇ ಮಾತು: "ಇದರಾಗ ಕುರ್ಚಿಮ್ಯಾಲೆ ಕುಂತಂಗ ಕುಂದ್ರಬಹುದೇನ?" ಹೌದು ಅಂದ್ರು. "ಹಂಗಾರ ಬರತೀನಿ."

ನನಗ ಅಲ್ಲೇ ನಾಚಿಕಿ ಆತು. ಎಂಟು ವರ್ಷ ಆಕಿಗೆ ಅಡ್ಡ ಆಗಿದ್ದು ವಯಸ್ಸಲ್ಲ. ದಾರ್ಯಾಗ ಒಂದು ಕುಂದ್ರೂ ಜಾಗ ಇರಲಿಲ್ಲ, ಅಷ್ಟ. ಆಕಿ ಬಾಯಿ ಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿ ಕಟಗೊಂಡು ಹೊಂಟ್ವಿ. ರೋಣ ದಾಟಿ, ಬೆಣ್ಣಿಹಳ್ಳ ದಾಟಿ, ನರಗುಂದದ ಗುಡ್ಡ ಕಂಡ ಕೂಡಲೇ ಅವ್ವ ಎದ್ದು ಕುಂತ್ಲು. ನಾನು ಆರನೇ ಇಯತ್ತೆ ಇದ್ದಾಗ ಇದೇ ದಾರಿಗುಂಟ ಭಾರತ ಹುಣ್ಣಿವಿಗೆ ಕೊಲ್ಲಾರಿ ಬಂಡ್ಯಾಗ ಹೋಗಿದ್ವಿ. ಹೋಗಾಕ ಮೂರು ದಿನ, ಬರಾಕ ಮೂರು ದಿನ. ನಿಮ್ಮೊಳಗೂ ಐವತ್ತು ದಾಟಿದವರಿಗೆ ಅದು ಗೊತ್ತಿರತೈತಿ. ಒಲಿ, ಪಾತ್ರಿ, ಹಾಸಿಗಿ, ಎತ್ತಿನ ಮೇವು, ಎಲ್ಲಾ ಬಂಡ್ಯಾಗ. ಅದೂ ಒಂದು ಗಾಡಿ ಮನೀನ ಆಗಿತ್ತಲ್ರೀ. ಹಂಗಾಗಿ ಪ್ಯಾಟಿ ಮಂದಿ ಹೊಸಾದೇನೋ ಕಂಡುಹಿಡಿದಾರ ಅಂತ ನಾವು ಬೆರಗಾಗೂದೂ ಬ್ಯಾಡ, ನಗೂದೂ ಬ್ಯಾಡ.

ಆದ್ರ ಒಂದು ಫರಕ್ ಐತಿ. ಕೊಲ್ಲಾರಿ ಬಂಡಿ ಹೊತ್ತು ಮುಳುಗೂದಕ್ಕ ಯಾರದರೇ ಹೊಲದಾಗ ಕೊಳ್ಳ ಹರೀತಿತ್ತು. ಹೊಲದವರನ್ನ ಕೇಳಬೇಕು, ಬಾವಿ ನೀರು ಕೇಳಬೇಕು. ಅವರೂ ಖುಷಿಲೇ ನಿಲ್ಲಿಸಿಕೊಳ್ತಿದ್ರು, ಯಾಕಂದ್ರ ಹತ್ತು ಜೋಡಿ ಎತ್ತು ಒಂದು ರಾತ್ರಿ ನಿಂತ್ರ ಕುರಿ ತರುಬಿದಂಗ, ಹೊಲಕ್ಕ ಗೊಬ್ಬರ. ಬಂಡಿ ಬಿಟ್ಟು ಹೋಗೋ ಹೊಲಸು ಹೊಲದವಗ ಬೇಕಾಗಿತ್ತು. ಈ ಗಾಡಿ ಬಿಟ್ಟು ಹೋಗೋ ಹೊಲಸು ಯಾರಿಗೂ ಬ್ಯಾಡ. ನೀರು, ಕರೆಂಟು ಎಲ್ಲಾ ತಾನೇ ಹೊತಗೊಂಡು ಬರೂದಕ್ಕ ಅದು ಯಾರನ್ನೂ ಏನೂ ಕೇಳಂಗಿಲ್ಲ. ಕೇಳದವಗ, ತಾನು ಕಂಡವರ ಹೊಲದ ಬಾಜೂಕ ನಿಂತೀನಿ ಅನ್ನೂದೂ ಮರೀತೈತಿ.

ನರಗುಂದದಾಗ ನಾನೇ ಗಾಡಿ ನಿಲ್ಲಿಸಿದೆ. ಮೊಮ್ಮಕ್ಕಳಿಗೆ 1980ರ ಜುಲೈ 21ರ ಮಾತು ಹೇಳಿದೆ. ಮಲಪ್ರಭಾ ನೀರು ಸರಿಯಾಗಿ ಬರದಿದ್ರೂ ಅಭಿವೃದ್ಧಿ ಕರ ಕಟ್ಟ್ರಿ ಅಂದಾಗ ರೈತರು ಎದ್ದದ್ದು, ಗೋಲಿಬಾರ್ ಆಗಿದ್ದು. ಕಿಟಕಿ ಗಾಜಿನಿಂದ ಗುಡ್ಡ ಅಷ್ಟೇ ಕಾಣತೈತಿ, ಕೆಳಗಿನ ಮಂದಿ ಕಾಣಂಗಿಲ್ಲ.

ಮುಂದ ಊಟಕ್ಕ ಅಂತ ಡ್ರೈವರ್ ರಸ್ತೆ ಬಿಟ್ಟು ಹೊಲದ ಬದುವಿನ ಕಡೆ ತಿರುವಿದ. "ಯಪ್ಪಾ, ಎರಿ ಐತಿ, ಬ್ಯಾಡ" ಅನ್ನೂದ್ರಾಗ ಹಿಂದಿನ ಗಾಲಿ ಅರ್ಧ ಹೂತಿತು. ಮ್ಯಾಲೆ ಒಣಗಿ ಬಿರುಕು ಬಿಟ್ಟಂಗ ಕಾಣತೈತಿ, ಕೆಳಗ ಬೆಣ್ಣಿ. ಆ ಹೊಲದವರೇ ಟ್ರ್ಯಾಕ್ಟರ್ ತಂದು ಎಳೆದ್ರು. ರೊಕ್ಕ ಕೊಡಾಕ ಹೋದ್ರ ತಗೊಳ್ಳಲಿಲ್ಲ. "ಕಾಲುವಿ ನೀರು ನಿಮ್ಮ ಕಡೆ ಎಲ್ಲೀತನಕ ಬಂತ್ರೀ?" ಅಂತ ಕೇಳಿ, ಎರಡು ರೊಟ್ಟಿ ತಿಂದು ಹೋದ್ರು.

ಸಂಜಿಕ ಸವದತ್ತಿ ದಾಟಿ, ಜೋಗುಳಬಾವ್ಯಾಗ ಕೈಕಾಲು ತೊಳಕೊಂಡು, ಗುಡ್ಡ ಏರಿದ್ವಿ. ಮಳಿಗೆ ಗುಡ್ಡ ಹಸರಾಗಿತ್ತು. ಖರೇ ಹೇಳತೀನಿ, ಆ ತಿರುವಿನಾಗ ಅವ್ವ ಕಿಟಕಿಗೆ ಮುಖ ಹಚ್ಚಿ "ಉಧೋ" ಅಂದಾಗ ಮೂರು ಕ್ವಿಂಟಲ್ ಹೆಸರಿನ ಲೆಕ್ಕ ಮರೆತೆ. ರಾತ್ರಿ ಹೆಂಗಸರು, ಹುಡುಗರು ಒಳಗ ಮಲಗಿದ್ರು. ಗಂಡಸರು ಗಾಡಿ ಬಾಜೂಕ ಜಮಖಾನಿ ಹಾಸಿದ್ವಿ. ಮರುದಿನ ನವಿಲುತೀರ್ಥದಾಗ ಆಣೆಕಟ್ಟು ನೋಡಿ, "ನಮ್ಮ ತಾಲೂಕಿಗೆ ಕಾಲುವಿ ನೀರು ಇಲ್ಲಿಂದನ" ಅಂತ ಹುಡುಗರಿಗೆ ತೋರಿಸಿ ಹೊಳ್ಳಿದ್ವಿ.

ಈಗ ಮುಖ್ಯ ಮಾತು. ಆ ಪಾಯಖಾನಿಗೆ ಕೆಳಗ ಎಳೆದು ತೆಗೆಯೋ ಡಬ್ಬಿ ಇರತೈತಿ, ಇಪ್ಪತ್ತು ಲೀಟರಿನಷ್ಟು. ಎಂಟು ಮಂದಿಗೆ ಎರಡು ದಿನದಾಗ ತುಂಬಿತು. ಕೆಂಪು ದೀಪ ಹತ್ತಿತು. ನರಗುಂದ ದಾಟಿದ ಮ್ಯಾಲೆ ಕತ್ತಲಾಗಿತ್ತು. ಒಂದು ಹಳ್ಳದ ಸಣ್ಣ ಸೇತುವಿ ಹತ್ರ ಡ್ರೈವರ್ ಗಾಡಿ ಸ್ಲೋ ಮಾಡಿ, "ಇಲ್ಲೇ ಖಾಲಿ ಮಾಡ್ಲೇನ್ರೀ, ಯಾರೂ ಇಲ್ಲ" ಅಂದ.

ಹೋದ ವರ್ಷ ನನ್ನ ಹೊಲದ ಬಾಜೂಕ ನಿಂತವನೂ ಇದೇ ಮಾತು ಅಂದಿರಬೇಕು. ಅವನ ಗಾಡ್ಯಾಗೂ ಒಬ್ಬಾಕಿ ಮುದುಕಿ ಇದ್ದಿರಬಹುದು. ಆ ಹಳ್ಳದ್ದು ಬೆಣ್ಣಿಹಳ್ಳಕ್ಕ, ಬೆಣ್ಣಿಹಳ್ಳದ್ದು ಮಲಪ್ರಭೆಗೆ. ಬೆಳಿಗ್ಗೆ ಯಾರದೋ ದನ ಅಲ್ಲಿ ನೀರು ಕುಡೀತಾವು. "ಬ್ಯಾಡ ತಮ್ಮಾ, ಊರಿಗೆ ನಡಿ" ಅಂದೆ. ರೋಣದಾಗ ಎಲ್ಲೆರೆ ಜಾಗ ಸಿಗತೈತೇನು ಅಂತ ಎರಡು ಕಡೆ ಕೇಳಿದ್ವಿ, ಆಗಂಗಿಲ್ಲ ಅಂದ್ರು. ನಾರತಿದ್ದ ಡಬ್ಬಿ ಮನಿತನಕ ತಂದು, ನಮ್ಮ ಪಾಯಖಾನಿ ಗುಂಡಿಗೆ ನಾನೇ ಸುರುವಿದೆ. ಡ್ರೈವರ್ ಹುಡುಗನ್ನ ಬೈಯಲಿಲ್ಲ. ಅವಗ ನಾವು ಯಾವ ಜಾಗ ತೋರಿಸೇವಿ?

ಅದಕ್ಕ ನನ್ನ ಅಭಿಪ್ರಾಯ ಇಷ್ಟು. ಗಾಡಿ ಬಿಡಬ್ಯಾಡ್ರಿ ಅನ್ನೂದು ತಪ್ಪು. ಅವು ಬರೂದು ನಿಲ್ಲಂಗಿಲ್ಲ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಾಗ ಕೇಂದ್ರದಿಂದ 100 ಕೋಟಿ ಮಂಜೂರಾಗೈತಿ. ಇತ್ತ ಬದಾಮಿ, ಅತ್ತ ಕಾಲಕಾಲೇಶ್ವರ, ನಡುವ ಸೂಡಿ, ಇಟಗಿ ಭೀಮವ್ವ. ಎಲ್ಲಾ ದಾರಿ ನಮ್ಮ ಹೊಲದ ಮುಂದನ ಹೋಗತಾವು. ಆದ್ರ ಹೊಲಸು ಹಳ್ಳಕ್ಕ ಚೆಲ್ಲಬಾರದು ಅನ್ನೂದು ಖರೇನ, ಯಾರೇ ಇರಲಿ. ಕೇರಳದವರು 2021ರಾಗ ಕ್ಯಾರವಾನ್ ನೀತಿ ತಂದಾಗ, ಗಾಡಿ ಜೊತಿಗೆ ಅವು ನಿಲ್ಲೋ ಜಾಗದ್ದೂ ವಿಚಾರ ಮಾಡಿದ್ರು. ನಾವು ರೆಸಾರ್ಟಿಗೆ ಅಂತ ಏಜೆಂಟರು ಬಂದ್ರ ರಸ್ತೆ ಪಕ್ಕದ ಎಕರೆ ಮಾರಾಕ ನಿಲ್ಲತೀವಿ. ಮಾರೂದು ಯಾಕ? ಒಂದು ರಾತ್ರಿ ನಿಲ್ಲಿಸಿ ಬಾಡಿಗಿ ತಗೋಬಹುದಲ್ಲ.

ನಾನು ಮಾಡಬೇಕಂತಿರೂದು ಇದು. ಗುಡ್ಡದ ಕಡೆ ನಮ್ಮದು ಎರಡು ಗುಂಟೆ ಗರಸು ಮಣ್ಣಿನ ಜಾಗ ಐತಿ, ಬೆಳಿ ಬರಂಗಿಲ್ಲ, ಗಾಲಿ ಹೂಳಂಗಿಲ್ಲ. ಎರಿ ಹೊಲದವರು ಗರಸು ಹೇರಿಸದ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ. ಬಾವಿ, ಬೋರಿನಿಂದ ಐವತ್ತು ಅಡಿಗಿಂತ ದೂರ ಒಂದು ಗುಂಡಿ, ಎರಡು ಪಾಯಖಾನಿ, ಅದರಾಗ ಒಂದು ಕಮೋಡಿನದ್ದು, ಒಂದು ನಳ, ಒಂದು ದೀಪ. ಗಾಡಿಯವರು ಡಬ್ಬಿ ಅಲ್ಲೇ ಖಾಲಿ ಮಾಡಬೇಕು. ನೀಲಿ ಔಷಧ ಜಾಸ್ತಿ ಸುರುವಿದ್ರ ಗುಂಡ್ಯಾಗ ಕೊಳಿಯೂದು ನಿಲ್ಲತೈತಿ, ಅದನ್ನ ಮೊದಲ ಹೇಳಬೇಕು. ಪ್ಯಾಟಿ ಗಾಡಿಗೆ ರೊಕ್ಕ. ಜಾತ್ರಿಗೆ ಟ್ರ್ಯಾಕ್ಟರ್‌ನಾಗ, ನಡಕೋತ ಹೋಗೋ ನಮ್ಮ ಹೆಣ್ಮಕ್ಕಳಿಗೆ ಪುಕ್ಕಟ. ಗಾಡಿ ವರ್ಷಕ್ಕ ಹತ್ತು ಬರಲಿ, ಬರದೇ ಇರಲಿ, ಹೆಣ್ಮಕ್ಕಳು ಅಂತೂ ಬರತಾರ.

ಖರ್ಚು ಒಬ್ಬನ ಕೈಲೆ ಆಗೂದಲ್ಲ. ಪಂಚಾಯ್ತಿಗೆ ಅರ್ಜಿ ಕೊಡಬೇಕು, ಒಬ್ಬ ಕೊಟ್ರ ಮೂಲಿಗೆ ಬೀಳತೈತಿ, ಹತ್ತು ಮಂದಿ ಕೊಟ್ರ ಓದತಾರ. ಗಜೇಂದ್ರಗಡ, ರೋಣ, ನರಗುಂದ ರಸ್ತೆಗುಂಟ ಹೊಲ ಇದ್ದವರು ನಿಮ್ಮ ಮನ್ಯಾಗಿನ ವಯಸ್ಸಾದ ಹೆಣ್ಮಕ್ಕಳನ್ನ ಮೊದಲು ಒಂದು ಮಾತು ಕೇಳ್ರಿ: ನೀವು ಜಾತ್ರಿಗೆ ಯಾಕ ಬರೂದು ಬಿಟ್ರಿ ಅಂತ. ಆಮ್ಯಾಲೆ ನನಗ ಹೇಳ್ರಿ. ಕಡ್ಲಿ ಬಿತ್ತಿ ಆದ ಮ್ಯಾಲೆ ಒಂದು ಐತವಾರ ನಮ್ಮ ಹೊಲದಾಗ ಕೂಡೂಣು. ಚಹಾ, ಚೂಡಾ ನಮ್ಮ ಕಡೆ.