ಹೆಸರಿಲ್ಲದ ಸಾಲುಗಳು

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿ ಸತ್ತ ಪೂರ್ವಜನನ್ನು ಹುಡುಕುವುದು ಇಂದು ಅಷ್ಟೇನೂ ಕಷ್ಟವಲ್ಲ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಸೇವಾದಾಖಲೆಗಳಲ್ಲಿ ಆತ ಯಾವ ದಳಕ್ಕೆ ಎಂದು ಸೇರಿದ, ಎಲ್ಲಿ ಸೆರೆಯಾದ, ಹೇಗೆ ಸತ್ತ ಎಂಬುದು ಸಾಮಾನ್ಯವಾಗಿ ಸಿಗುತ್ತದೆ.

ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಹುಡುಕಾಟದ ಬಗ್ಗೆ ಗೌರವವಿದೆ. ಅದು ಅಲ್ಲಿಗೇ ನಿಲ್ಲುವುದರ ಬಗ್ಗೆ ತಕರಾರಿದೆ. 1860ರ ಜನಗಣತಿಯ ಗುಲಾಮರ ಪಟ್ಟಿಯನ್ನೂ ತೆರೆದು ನೋಡಿ. ಒಡೆಯನಿಗೆ ಹೆಸರಿದೆ, ಗುಲಾಮರಿಗೆ ಬಹುತೇಕ ವಯಸ್ಸು, ಲಿಂಗ, ಬಣ್ಣ ಮಾತ್ರ. ಅವರ ವಂಶಜರ ಹುಡುಕಾಟ ಎಷ್ಟೋ ಸಲ 1870ರ ಗಣತಿಯ ಗೋಡೆಗೆ ಬಡಿದು ನಿಲ್ಲುತ್ತದೆ.

‘ನಮ್ಮಜ್ಜನ ಬಳಿ ಗುಲಾಮರಿರಲಿಲ್ಲ, ಆತ ತನ್ನ ನೆಲಕ್ಕಾಗಿ ಹೋರಾಡಿದ’ ಎನ್ನುತ್ತಾರೆ. ಇರಬಹುದು. ಆದರೆ 1861ರಲ್ಲಿ ಒಕ್ಕೂಟ ತೊರೆದ ಮಿಸಿಸಿಪ್ಪಿ, ಅದಕ್ಕೆ ಕಾರಣ ಗುಲಾಮಗಿರಿಯೆಂದು ತಾನೇ ಬರೆದುಕೊಂಡಿತು. 1862ರಲ್ಲಿ ದಕ್ಷಿಣದ ಸಂಸತ್ತು, 20 ಅಥವಾ ಹೆಚ್ಚು ಗುಲಾಮರಿದ್ದ ತೋಟದ ಒಬ್ಬ ಬಿಳಿಯನಿಗೆ ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಕೊಟ್ಟಿತು. ಬಡ ಅಜ್ಜ ಸತ್ತದ್ದು ಮನೆಯಲ್ಲುಳಿದ ಸಾಹುಕಾರನ ಆಸ್ತಿ ಕಾಯಲು.

ಸತ್ತವನಿಗಾಗಿ ಅಳುವುದು ಮೊಮ್ಮಕ್ಕಳ ಹಕ್ಕು. ಆತ ಯಾವುದಕ್ಕಾಗಿ ಸತ್ತನೋ ಅದಕ್ಕೂ ಹೂಮಾಲೆ ಹಾಕಿದರೆ ಒಪ್ಪಲಾರೆ. ವಂಶವೃಕ್ಷ ಬರೆಯುವವರು ಆ ಹೆಸರಿಲ್ಲದ ಸಾಲುಗಳನ್ನೂ ಅದರ ಪಕ್ಕದಲ್ಲೇ ಬರೆದಿಡಲಿ.