ಮೂರು ವಯಸ್ಸು, ಒಂದೇ ಕಲ್ಲು

ಮನೆಯಲ್ಲೇ ಕಲಿಯುವ ಮೂವರು ಮಕ್ಕಳಿಗೆ ಮೂರು ತರಗತಿಗಳ ಇತಿಹಾಸ ಪುಸ್ತಕ ತಂದಿಡುವ ಪೋಷಕರು ಶಾಲೆಯನ್ನು ಬಿಟ್ಟವರಲ್ಲ. ಅದರ ಗೋಡೆಗಳನ್ನು ಮನೆಯೊಳಗೆ ಕಟ್ಟಿದವರು. ವಯೋಭೇದಕ್ಕೆ ಬೇಕಾದುದು ಬೇರೆ ಪಠ್ಯಗಳಲ್ಲ, ಬೇರೆ ಪ್ರಶ್ನೆಗಳು. ಮಂಡ್ಯ ಜಿಲ್ಲೆಯ ಆತಕೂರು ಶಾಸನವನ್ನೇ ನೋಡಬಹುದು. ಆರು ವರ್ಷದ ಮಗುವಿಗೆ ಅದು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಕಥೆ. ಹತ್ತು ವರ್ಷದವರಿಗೆ ರಾಷ್ಟ್ರಕೂಟ-ಗಂಗರು ಚೋಳರನ್ನು ಎದುರಿಸಿದ, 949ರ ತಕ್ಕೋಲದ ಯುದ್ಧ. ಹದಿನೈದರವರಿಗೆ ಪಾಠದ ವಿವಾದ: ಒಂದು ಓದಿನಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗ ವಂಚಕ, ಆನೆಯ ಮೇಲಣ ಆಸನವೇ ರಣರಂಗವಾಯಿತೆಂಬ ಇನ್ನೊಂದು ಓದಿನಲ್ಲಿ ವೀರ.

ಕಾಲಾನುಕ್ರಮ ತಪ್ಪೀತೆಂಬ ಆಕ್ಷೇಪಕ್ಕೆ ಗೋಡೆಯ ಮೇಲೊಂದು ಕಾಲರೇಖೆ ಸಾಕು. ಸಾಕ್ಷ್ಯವನ್ನು ಪರೀಕ್ಷಿಸುವ ಬುದ್ಧಿಯನ್ನು ಮಾತ್ರ ಯಾವ ಸಿದ್ಧ ಪಠ್ಯವೂ ತುಂಬಿಕೊಡಲಾರದು.