ಕಂಟ್ರೋಲರ್ ಕೊಳ್ಳುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಬೇಡಿಕೆಯ ಪಟ್ಟಿಯಲ್ಲಿ ಈಗ ವಿಡಿಯೊ ಗೇಮ್ ಕಂಟ್ರೋಲರ್ ಕೂಡ ಸೇರಿರುತ್ತದೆ. ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬಂದವರು ಮಿನುಗುವ ದೀಪ, ಅಂದದ ಬಣ್ಣ ನೋಡಿ ಒಂದನ್ನು ಕೊಂಡೊಯ್ಯುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಯಾರೂ ಮುಟ್ಟದಿದ್ದರೂ ಆಟದ ಕಾರು ಎಡಕ್ಕೆ ಎಳೆಯತೊಡಗುತ್ತದೆ. ಹುಡುಗನೇ ಕೆಡಿಸಿದನೆಂದು ಮನೆಯಲ್ಲಿ ಬೈಗುಳ. ಆದರೆ ಎಷ್ಟೋ ಸಲ ತಪ್ಪು ಹುಡುಗನದಲ್ಲ, ಅವನ ಹೆಬ್ಬೆರಳಿನ ಕೆಳಗಿರುವ ಸ್ಟಿಕ್ಕಿನದು.

ಈ ಸ್ಟಿಕ್ಕಿನೊಳಗೆ ಏನಿದೆ? ಸಾಮಾನ್ಯ ಕಂಟ್ರೋಲರ್‌ಗಳಲ್ಲಿ ಇಂಗಾಲದ ತೆಳುವಾದ ಪಟ್ಟಿ, ಅದರ ಮೇಲೆ ಜಾರುವ ಲೋಹದ ತುಣುಕು ಇರುತ್ತವೆ. ಸ್ಟಿಕ್ ವಾಲಿದಂತೆ ವಿದ್ಯುತ್ ರೋಧ ಬದಲಾಗುತ್ತದೆ. ಅದರಿಂದಲೇ ಯಂತ್ರಕ್ಕೆ ದಿಕ್ಕು ತಿಳಿಯುವುದು. ಹಳೆಯ ರೇಡಿಯೊದಲ್ಲಿ ದನಿ ಹೆಚ್ಚಿಸುವ ಗುಂಡಿಯದೂ ಇದೇ ತತ್ತ್ವ. ವರ್ಷಗಳು ಕಳೆದಂತೆ ಅದನ್ನು ತಿರುಗಿಸಿದಾಗ ಕರಕರ ಸದ್ದು ಬರುತ್ತಿದ್ದುದು ನೆನಪಿದೆಯೇ? ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಧೂಳೂ ಸೇರಿಕೊಳ್ಳುತ್ತದೆ. ರೇಡಿಯೊದಲ್ಲಿ ಅದು ಸದ್ದಾದರೆ, ಆಟದಲ್ಲಿ ಕಾರಿನ ಅಡ್ಡದಾರಿ. ಇದನ್ನು ‘ಡ್ರಿಫ್ಟ್’ ಎನ್ನುತ್ತಾರೆ.

ಪರಿಹಾರ ಇಲ್ಲದಿಲ್ಲ. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್, ವಿದ್ಯುತ್ ಹರಿಯುತ್ತಿದ್ದ ತೆಳುವಾದ ಚಿನ್ನದ ಹಾಳೆಯನ್ನು ಆಯಸ್ಕಾಂತದ ಧ್ರುವಗಳ ನಡುವೆ ಇಟ್ಟಾಗ, ಹಾಳೆಯ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುವುದನ್ನು ಕಂಡರು. ಅದೇ ‘ಹಾಲ್ ಪರಿಣಾಮ’. ಸ್ಟಿಕ್ಕಿನ ಬುಡದಲ್ಲಿ ಪುಟ್ಟ ಆಯಸ್ಕಾಂತ ಕೂರಿಸಿದರೆ, ಎದುರಿನ ಸಂವೇದಕ ಅದರ ಚಲನೆಯನ್ನು ಮುಟ್ಟದೆಯೇ ಅರಿಯುತ್ತದೆ. ಉಜ್ಜಾಟವಿಲ್ಲದ ಕಾರಣ ಆ ಸವೆತವೂ ಇಲ್ಲ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಈ ತಂತ್ರವಿತ್ತು. ಈಗ ಹಲವು ತಯಾರಕರು ಡಬ್ಬಿಯ ಮೇಲೆ ‘ಹಾಲ್ ಎಫೆಕ್ಟ್’ ಎಂದು ನಮೂದಿಸುತ್ತಾರೆ. ಸ್ಪ್ರಿಂಗು, ಗುಂಡಿಗಳು ಮಾತ್ರ ಇದರಲ್ಲೂ ಸವೆಯುತ್ತವೆ.

ಕೊಳ್ಳುವಾಗ ಇನ್ನೂ ಕೆಲವನ್ನು ಗಮನಿಸಬೇಕು. ಮೊದಲನೆಯದು ಹೊಂದಾಣಿಕೆ: ಪ್ಲೇಸ್ಟೇಷನ್‌ನ ಕಂಟ್ರೋಲರ್ ಎಕ್ಸ್‌ಬಾಕ್ಸ್‌ಗೆ ನೇರವಾಗಿ ಹೊಂದದು, ಮನೆಯಲ್ಲಿರುವುದು ಫೋನೋ ಕಂಪ್ಯೂಟರೋ ಎಂದು ಅಂಗಡಿಯವರಿಗೆ ಮೊದಲೇ ಹೇಳಬೇಕು. ಎರಡನೆಯದು ತಂತಿ: ತಂತಿಯುಳ್ಳದ್ದಕ್ಕೆ ಚಾರ್ಜಿಂಗ್ ಬೇಡ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಮೂರನೆಯದು ಕೈಯ ಅಳತೆ: ಆಡುವ ಮಗುವಿನ ಹೆಬ್ಬೆರಳು ಎರಡೂ ಸ್ಟಿಕ್ಕುಗಳನ್ನು ಸಲೀಸಾಗಿ ಮುಟ್ಟಬೇಕು. ಆದ್ದರಿಂದ ಮಗುವನ್ನು ಜೊತೆಗೆ ಕರೆತರುವುದೇ ಲೇಸು.

ಸಾಧ್ಯವಾದರೆ ಅಂಗಡಿಯಲ್ಲೇ ಜೋಡಿಸಿ, ಸ್ಟಿಕ್ಕನ್ನು ಸುತ್ತ ತಿರುಗಿಸಿ ಬಿಟ್ಟುಬಿಡಿ. ಕೈ ಬಿಟ್ಟ ಮೇಲೂ ಪರದೆಯ ಮೇಲೆ ಚಲನೆ ಇದ್ದರೆ ಅದನ್ನು ಕೊಳ್ಳಬೇಡಿ. ರಸೀದಿ, ವಾರಂಟಿ ಕೇಳಿ ಪಡೆಯಿರಿ. ಮನೆಯಲ್ಲಿರುವ ಹಳೆಯದು ಅಲ್ಪಸ್ವಲ್ಪ ಎಳೆಯುತ್ತಿದ್ದರೆ, ಎಸೆಯುವ ಮುನ್ನ ಆಟದ ಸೆಟ್ಟಿಂಗ್‌ನಲ್ಲಿ ‘ಡೆಡ್ ಜೋನ್’ ಹೆಚ್ಚಿಸಿ ನೋಡಿ. ಸಣ್ಣ ಚಲನೆಗಳನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನಷ್ಟು ದಿನ ಆಟ ಸಾಗುತ್ತದೆ.

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬರೀ ಬಣ್ಣ ನೋಡಿ ಯಾರೂ ಕೊಳ್ಳುವುದಿಲ್ಲ. ಮೆಲ್ಲಗೆ ಒತ್ತಿ ನೋಡುತ್ತಾರೆ. ಕಂಟ್ರೋಲರ್ ಕೊಳ್ಳುವಾಗಲೂ ಅಷ್ಟು ಜಾಣತನ ಸಾಕು.